ಚಾಚುತೊಲೆಯ ಬಾಗು: ಒಂದು ಪರೀಕ್ಷೆಯ ಇತಿಹಾಸ

೧

ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಕಾಲೇಜು ವಿದ್ಯಾರ್ಥಿಯ ಕೈಗೆ ಬರುವ ಪ್ರಯೋಗಗಳಲ್ಲಿ ಒಂದು ನೋಡುವುದಕ್ಕೆ ತೀರ ಸಾಧಾರಣವಾದುದು. ಉಕ್ಕಿನ ಪಟ್ಟಿಯೊಂದರ ಒಂದು ತುದಿಯನ್ನು ಮೇಜಿನ ಅಂಚಿಗೆ ತಿರುಪಿನ ಹಿಡಿಕೆಯಿಂದ ಬಿಗಿಯುತ್ತಾರೆ. ಇನ್ನೊಂದು ತುದಿ ಯಾವ ಆಸರೆಯೂ ಇಲ್ಲದೆ ಗಾಳಿಯಲ್ಲಿ ಚಾಚಿಕೊಂಡಿರುತ್ತದೆ. ಆ ತುದಿಗೆ ಒಂದು ಗುಂಡುಸೂಜಿಯನ್ನು ಮೇಣದಿಂದ ಅಂಟಿಸಿ, ಕೆಳಗೆ ತೂಕದ ಕೊಕ್ಕೆಯನ್ನು ತೂಗುಬಿಟ್ಟು, ಐವತ್ತೈವತ್ತು ಗ್ರಾಮಿನಂತೆ ಭಾರವನ್ನು ಏರಿಸುತ್ತ ಹೋಗುತ್ತಾರೆ. ಪ್ರತಿ ಸಲವೂ ಸೂಜಿಯ ಮೊನೆ ಎಷ್ಟು ಕೆಳಗಿಳಿಯಿತೆಂಬುದನ್ನು ಸೂಕ್ಷ್ಮದರ್ಶಕದಿಂದ ನೋಡಿ ಬರೆದುಕೊಳ್ಳುತ್ತಾರೆ. ಕೊನೆಯಲ್ಲಿ ಒಂದು ಸೂತ್ರಕ್ಕೆ ಅಂಕಿಗಳನ್ನು ತುಂಬಿ, ಉಕ್ಕಿನ ಯಂಗ್ ಗುಣಾಂಕವನ್ನು ಕಂಡುಹಿಡಿದು, ಪುಸ್ತಕದಲ್ಲಿ ಕೊಟ್ಟ ಬೆಲೆಯೊಡನೆ ಹೋಲಿಸಿದರೆ ಕೆಲಸ ಮುಗಿಯಿತು. ಇಷ್ಟಕ್ಕೆ ಒಂದೆರಡು ಗಂಟೆ ಸಾಕು.

ಹೀಗೆ ಒಂದು ತುದಿಯಲ್ಲಿ ಮಾತ್ರ ಬಿಗಿದು ನಿಲ್ಲಿಸಿದ ತೊಲೆಗೆ ಕ್ಯಾಂಟಿಲಿವರ್ ಎಂದು ಹೆಸರು. ಕನ್ನಡದಲ್ಲಿ ಅದನ್ನು ಚಾಚುತೊಲೆ ಎನ್ನಬಹುದು. ವಿದ್ಯಾರ್ಥಿ ಬಳಸುವ ಸೂತ್ರದ ತಾತ್ಪರ್ಯವನ್ನು ಒಂದೇ ವಾಕ್ಯದಲ್ಲಿ ಹೇಳಬಹುದು: ಚಾಚುತೊಲೆಯ ತುದಿಯ ಇಳಿತವು ಭಾರಕ್ಕೂ ಉದ್ದದ ಘನಕ್ಕೂ ಅನುಲೋಮವಾಗಿ, ಅಗಲಕ್ಕೂ ದಪ್ಪದ ಘನಕ್ಕೂ ವಿಲೋಮವಾಗಿ ಇರುತ್ತದೆ. ಈ ಒಂದು ವಾಕ್ಯವು ತನ್ನ ಎಲ್ಲ ಅಂಗಗಳಲ್ಲಿ ಸರಿಯಾಗಿ, ಎಲ್ಲರಿಗೂ ಸಿಕ್ಕುವ ಪಠ್ಯವಾಗಿ ನಿಲ್ಲುವುದಕ್ಕೆ ಯೂರೋಪಿನ ಪಂಡಿತರಿಗೆ ೧೬೩೮ರಿಂದ ೧೮೨೬ರವರೆಗೆ, ಎಂದರೆ ೧೮೮ ವರ್ಷಗಳು, ಹಿಡಿದುವು. ಗ್ರಹಗಳ ಚಲನೆಯ ನಿಯಮಗಳನ್ನು ಅದಕ್ಕೆ ಬಹಳ ಮೊದಲೇ ಅರಿತಿದ್ದ ಜನರಿಗೆ ಗೋಡೆಗೆ ನಾಟಿದ ಒಂದು ಕಂಬಿಯ ಬಾಗು ಅಷ್ಟು ಕಾಲ ವಶವಾಗಲಿಲ್ಲ. ಇದಕ್ಕೆ ಕಾರಣವೇನೆಂಬುದು ವಿಚಾರಾರ್ಹವಾದ ವಿಷಯ. ಗಣಿತದ ಕೊರತೆ ಒಂದು ಕಾರಣವೆಂಬುದು ನಿಜ. ಆದರೆ ಅದಕ್ಕಿಂತ ಮುಖ್ಯವಾದ ಕಾರಣ ಬೇರೊಂದುಂಟು. ತೊಲೆಯನ್ನು ಕುರಿತು ಮೊದಲು ಕೇಳಿದ ಪ್ರಶ್ನೆ ‘ಅದು ಯಾವಾಗ ಮುರಿಯುತ್ತದೆ?’ ಎಂಬುದಾಗಿತ್ತು. ‘ಅದು ಎಷ್ಟು ಬಾಗುತ್ತದೆ?’ ಎಂಬ ಪ್ರಶ್ನೆ ಬಹು ತಡವಾಗಿ ಬಂದಿತು.

೨

ಈ ಇತಿಹಾಸದ ಆರಂಭದಲ್ಲಿ ಇರುವವನು ಗೆಲಿಲಿಯೊ. ೧೬೩೩ರಲ್ಲಿ ರೋಮಿನ ಧರ್ಮನ್ಯಾಯಾಲಯವು ಅವನಿಗೆ ಶಿಕ್ಷೆ ವಿಧಿಸಿದ ಮೇಲೆ ಅವನು ಫ್ಲಾರೆನ್ಸ್ ನಗರದ ಬಳಿಯ ಆರ್ಚೆಟ್ರಿಯಲ್ಲಿ ಗೃಹಬಂಧನದಲ್ಲಿದ್ದನು. ಭೂಮಿ ತಿರುಗುತ್ತದೆಯೆಂಬ ವಿಚಾರವನ್ನು ಎತ್ತುವಂತಿರಲಿಲ್ಲ. ಆದುದರಿಂದ ಅವನು ತಾರುಣ್ಯದಿಂದಲೂ ಮನಸ್ಸಿನಲ್ಲಿದ್ದ ಬೇರೆರಡು ವಿಷಯಗಳಿಗೆ, ವಸ್ತುಗಳ ಬಲ ಮತ್ತು ಚಲನೆಯ ವಿಚಾರಕ್ಕೆ, ತಿರುಗಿದನು. ಎರಡು ಹೊಸ ವಿಜ್ಞಾನಗಳನ್ನು ಕುರಿತ ಅವನ ಸಂವಾದಗ್ರಂಥ ೧೬೩೮ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಅಚ್ಚಾಯಿತು. ಆ ವೇಳೆಗೆ ಗ್ರಂಥಕರ್ತನ ಎರಡು ಕಣ್ಣುಗಳೂ ಹೋಗಿದ್ದುವು.

ಆ ಗ್ರಂಥದ ಎರಡನೆಯ ದಿನದ ಸಂವಾದದಲ್ಲಿ ಒಂದು ಚಿತ್ರವಿದೆ. ಶಿಥಿಲವಾದ ಗೋಡೆಯೊಂದರಿಂದ ಮರದ ತೊಲೆ ಅಡ್ಡಲಾಗಿ ಹೊರಚಾಚಿದೆ. ಅದರ ತುದಿಯಲ್ಲಿ ಕೊಕ್ಕೆಯಿಂದ ಒಂದು ಭಾರ ತೂಗುತ್ತಿದೆ. ಇಂಜಿನಿಯರಿಂಗ್ ಶಾಸ್ತ್ರದ ಇತಿಹಾಸದಲ್ಲಿ ಈ ಚಿತ್ರದಷ್ಟು ಪ್ರಸಿದ್ಧವಾದುದು ಇನ್ನೊಂದಿಲ್ಲವೆಂದರೂ ಸಲ್ಲುತ್ತದೆ. ಗೆಲಿಲಿಯೊ ತೊಲೆಯನ್ನು ಸನ್ನೆಕೋಲಿನಂತೆ ಭಾವಿಸಿದನು. ತೊಲೆ ಗೋಡೆಯನ್ನು ಸೇರುವೆಡೆ ಅದರ ಕೆಳಅಂಚೇ ತಿರುಗುವ ಆಧಾರ. ಆ ಛೇದದಲ್ಲಿರುವ ನಾರುಗಳೆಲ್ಲ ಏಕಪ್ರಕಾರವಾಗಿ ಎಳೆತವನ್ನು ತಡೆದು, ಮಿತಿ ಮೀರಿದಾಗ ಒಟ್ಟಿಗೆ ಹರಿದುಹೋಗುತ್ತವೆ. ಇದು ಅವನ ಕಲ್ಪನೆ.

ಈ ಕಲ್ಪನೆಯಿಂದ ಅವನು ಪಡೆದ ಫಲಗಳಲ್ಲಿ ಹಲವು ಇಂದಿಗೂ ಸರಿ. ತೊಲೆಯ ಬಲ ಅದರ ಅಗಲಕ್ಕೆ ಅನುಲೋಮವಾಗಿಯೂ ಎತ್ತರದ ವರ್ಗಕ್ಕೆ ಅನುಲೋಮವಾಗಿಯೂ ಉದ್ದಕ್ಕೆ ವಿಲೋಮವಾಗಿಯೂ ಇರುತ್ತದೆಂದು ಅವನು ತೋರಿಸಿದನು. ಹಲಗೆಯನ್ನು ಅಡ್ಡಲಾಗಿ ಹಾಸುವುದಕ್ಕಿಂತ ಮಗ್ಗುಲಾಗಿ ನಿಲ್ಲಿಸಿದರೆ ಅದು ಹೆಚ್ಚು ಹೊರುತ್ತದೆಂಬುದು ಬಡಗಿಗಳಿಗೆ ಎಂದಿನಿಂದಲೂ ಗೊತ್ತಿದ್ದ ಸಂಗತಿ. ಅದಕ್ಕೆ ಮೊದಲ ಸಲ ಒಂದು ಲೆಕ್ಕ ದೊರೆಯಿತು. ಇನ್ನೂ ಗಂಭೀರವಾದ ಒಂದು ಮಾತನ್ನೂ ಅವನು ಹೇಳಿದನು. ಒಂದೇ ಆಕಾರದ ತೊಲೆಗಳನ್ನು ದೊಡ್ಡದು ಮಾಡುತ್ತ ಹೋದರೆ ಅವುಗಳ ಸ್ವಂತ ತೂಕವು ಬಲಕ್ಕಿಂತ ಬೇಗ ಬೆಳೆಯುತ್ತದೆ. ಕೊನೆಗೆ ಯಾವುದೋ ಒಂದು ಗಾತ್ರದಲ್ಲಿ ತೊಲೆ ಬೇರಾವ ಭಾರವೂ ಇಲ್ಲದೆ ತನ್ನ ತೂಕದಿಂದಲೇ ಮುರಿಯುವ ಅಂಚಿಗೆ ಬರುತ್ತದೆ. ಈ ಮಾತಿನ ಬೆಲೆ ಮುಂದೆ ತಿಳಿಯುವುದು.

ಆದರೆ ಮೂಲದಲ್ಲಿ ಒಂದು ತಪ್ಪು ಉಳಿಯಿತು. ಅವನ ತೊಲೆ ಮುರಿಯುತ್ತದೆಯೇ ಹೊರತು ಬಾಗುವುದಿಲ್ಲ. ಬಾಗಿದ ತೊಲೆಯಲ್ಲಿ ಮೇಲಿನ ನಾರುಗಳು ಹಿಗ್ಗಿದರೆ ಕೆಳಗಿನವು ಕುಗ್ಗುತ್ತವೆ; ನಡುವೆ ಹಿಗ್ಗದೆ ಕುಗ್ಗದೆ ಉಳಿಯುವ ಒಂದು ತಟಸ್ಥ ಪದರವಿರುತ್ತದೆ. ಬಾಗನ್ನೇ ಗಣಿಸದವನಿಗೆ ಇದು ಕಾಣಿಸುವಂತಿಲ್ಲ. ಪರಿಣಾಮವಾಗಿ ಆಯತಾಕಾರದ ತೊಲೆಗೆ ಅವನ ಲೆಕ್ಕ ಕೊಡುವ ಬಲವು ಸರಿಯಾದ ಸ್ಥಿತಿಸ್ಥಾಪಕ ಸಿದ್ಧಾಂತ ಕೊಡುವ ಬಲದ ಮೂರರಷ್ಟು. ನೂರು ಮಣ ಹೊರಬಲ್ಲ ತೊಲೆ ಮುನ್ನೂರು ಮಣ ಹೊರುತ್ತದೆಂದು ಹೇಳಿದಂತಾಯಿತು. ತಪ್ಪು ಅಪಾಯದ ಕಡೆಗೇ ಇದ್ದಿತೆಂಬುದನ್ನು ಗಮನಿಸಬೇಕು.

೩

ಈ ಕೊರತೆಯನ್ನು ಮೊದಲು ಬಯಲಿಗೆಳೆದವನು ಫ್ರಾನ್ಸಿನ ಎಡ್ಮೆ ಮಾರಿಯೊಟ್. ವರ್ಸೇಲ್ಸ್ ಅರಮನೆಯ ನೀರಿನ ಕೊಳವೆಗಳ ಕೆಲಸದಲ್ಲಿ ತೊಡಗಿದ್ದ ಅವನಿಗೆ ವಸ್ತುಗಳ ಬಲವನ್ನು ಕೈಯಾರೆ ಪರೀಕ್ಷಿಸುವ ಅಗತ್ಯವಿತ್ತು. ಅವನು ತೊಲೆಗಳಿಗೆ ಭಾರ ತೂಗಿ ನೋಡಿದಾಗ ಅವು ಗೆಲಿಲಿಯೊನ ಲೆಕ್ಕಕ್ಕಿಂತ ಕಡಮೆ ಭಾರಕ್ಕೇ ಮುರಿದುವು. ಗಟ್ಟಿ ವಸ್ತುಗಳೂ ಮುರಿಯುವ ಮೊದಲು ಸ್ವಲ್ಪ ಹಿಗ್ಗುತ್ತವೆ, ಆ ಹಿಗ್ಗನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದೇ ತಪ್ಪಿನ ಮೂಲ ಎಂದು ಅವನು ಸರಿಯಾಗಿ ಊಹಿಸಿದನು. ಅವನ ಗ್ರಂಥ ಹೊರಬಂದದ್ದು ೧೬೮೬ರಲ್ಲಿ, ಅವನು ತೀರಿಕೊಂಡ ಎರಡು ವರ್ಷಗಳ ತರುವಾಯ.

ಇದೇ ಕಾಲದಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಹಿಗ್ಗಿನ ನಿಯಮವನ್ನೇ ಕಂಡುಹಿಡಿದಿದ್ದನು. ೧೬೭೬ರಲ್ಲಿ ಅದನ್ನು ಅಕ್ಷರಗಳನ್ನು ಅದಲುಬದಲು ಮಾಡಿದ ಒಗಟಿನ ರೂಪದಲ್ಲಿ ಪ್ರಕಟಿಸಿ, ಎರಡು ವರ್ಷಗಳ ಮೇಲೆ ೧೬೭೮ರಲ್ಲಿ ಬಿಡಿಸಿ ಹೇಳಿದನು: ಎಳೆಯುವ ಬಲ ಎಷ್ಟೋ ಹಿಗ್ಗು ಅಷ್ಟು. ತಂತಿಗೂ ಸುರುಳಿಗೂ ಮರಕ್ಕೂ ಈ ನಿಯಮ ಸಮಾನವೆಂದು ಅವನ ಮತ. ಅದೇ ಪುಸ್ತಕದಲ್ಲಿ ಬಾಗಿದ ತೊಲೆಯ ಒಂದು ಪಕ್ಕ ಹಿಗ್ಗಿ ಇನ್ನೊಂದು ಕುಗ್ಗುವುದನ್ನೂ ಅವನು ಚಿತ್ರಿಸಿದ್ದಾನೆ. ಬಾಗಿನ ಲೆಕ್ಕಕ್ಕೆ ಬೇಕಾದ ಎರಡು ಸಾಮಗ್ರಿಗಳೂ ಹೀಗೆ ೧೬೭೮ರಲ್ಲಿಯೇ ಒಬ್ಬನ ಕೈಯಲ್ಲಿದ್ದುವು. ಅವುಗಳನ್ನು ಕೂಡಿಸುವ ಗಣಿತ ಮಾತ್ರ ಆಗಿನ್ನೂ ರೂಪುಗೊಳ್ಳುತ್ತಿತ್ತು.

ಆ ಗಣಿತವನ್ನು ತೊಲೆಗೆ ಅನ್ವಯಿಸಿದ ಮೊದಲಿಗನು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಯಾಕೋಬ್ ಬರ್ನೂಲಿ. ೧೬೯೪ರಲ್ಲಿ ಅವನು ಬಾಗಿದ ಪಟ್ಟಿಯ ವಕ್ರರೇಖೆ ಎಂಥದು ಎಂಬ ಪ್ರಶ್ನೆಯನ್ನು ಬಿಡಿಸಿದನು. ಪಟ್ಟಿಯ ಯಾವ ಸ್ಥಾನದಲ್ಲಿಯೇ ಆಗಲಿ ಅದರ ವಕ್ರತೆಯು ಆ ಸ್ಥಾನದಲ್ಲಿ ಭಾರವು ಉಂಟುಮಾಡುವ ತಿರುಚುಬಲದಂಥ ಸನ್ನೆಯ ಬಲಕ್ಕೆ ಅನುಗುಣವಾಗಿರುತ್ತದೆ ಎಂಬುದು ಅವನ ಮೂಲತತ್ತ್ವ. ಭಾರದಿಂದ ದೂರ ಹೋದಷ್ಟೂ ಈ ಬಲ ಹೆಚ್ಚು. ಆದುದರಿಂದಲೇ ಚಾಚುತೊಲೆ ತುದಿಯಲ್ಲಿ ಬಹುಮಟ್ಟಿಗೆ ನೇರವಾಗಿದ್ದು ಗೋಡೆಯ ಬಳಿ ಹೆಚ್ಚಾಗಿ ಬಾಗುತ್ತದೆ. ತಟಸ್ಥ ಪದರ ಎಲ್ಲಿದೆಯೆಂಬ ವಿಷಯದಲ್ಲಿ ಅವನು ತಪ್ಪಿದನಾದರೂ ‘ಎಷ್ಟು ಬಾಗುತ್ತದೆ’ ಎಂಬ ಪ್ರಶ್ನೆಯನ್ನು ಗಣಿತದ ಬೀದಿಗೆ ತಂದ ಕೀರ್ತಿ ಅವನದೇ.

ಅವನ ಅಣ್ಣತಮ್ಮಂದಿರ ಮನೆತನದ ಡೇನಿಯಲ್ ಬರ್ನೂಲಿ ೧೭೪೨ರಲ್ಲಿ, ಬರ್ಲಿನ್ನಿನಲ್ಲಿದ್ದ ಲಿಯೊನಾರ್ಡ್ ಆಯ್ಲರನಿಗೆ ಬರೆದ ಪತ್ರದಲ್ಲಿ ಈ ಸಮಸ್ಯೆಗೆ ಒಂದು ಹೊಸ ದಾರಿಯನ್ನು ಸೂಚಿಸಿದನು. ಆಯ್ಲರ್ ಅದನ್ನು ಹಿಡಿದು ೧೭೪೪ರಲ್ಲಿ ಪ್ರಕಟವಾದ ತನ್ನ ಗ್ರಂಥದ ಅನುಬಂಧವೊಂದರಲ್ಲಿ ಸ್ಥಿತಿಸ್ಥಾಪಕ ವಕ್ರಗಳನ್ನೆಲ್ಲ ವರ್ಗೀಕರಿಸಿದನು. ಪ್ರಕೃತ ವಿಷಯಕ್ಕೆ ಮುಖ್ಯವಾದುದು ಆ ಅನುಬಂಧದ ಒಂದು ಚಿಕ್ಕ ಭಾಗ. ತುದಿಯಲ್ಲಿ ಭಾರ ಹೊತ್ತ ಚಾಚುತೊಲೆಯ ಇಳಿತಕ್ಕೆ ಅವನು ಸೂತ್ರ ಕೊಟ್ಟನು. ಇಳಿತ ಚಿಕ್ಕದಾಗಿದ್ದರೆ ಆ ಸೂತ್ರ ಇಂದಿನ ಪಠ್ಯಪುಸ್ತಕದ ಸೂತ್ರವೇ ಆಗುತ್ತದೆ: ಭಾರವನ್ನು ಉದ್ದದ ಘನದಿಂದ ಗುಣಿಸಿ, ಪಟ್ಟಿಯ ಬಿಗುವಿನ ಮೂರರಷ್ಟರಿಂದ ಭಾಗಿಸುವುದು. ಬಿಗುವಿನ ಬೆಲೆ ಗೊತ್ತಿಲ್ಲದಿದ್ದರೆ ಪಟ್ಟಿಯ ಒಂದು ತುದಿಯನ್ನು ಗೋಡೆಗೆ ಬಿಗಿದು, ಇನ್ನೊಂದಕ್ಕೆ ಭಾರ ತೂಗಿ, ಇಳಿತವನ್ನು ಅಳೆದು ಅದನ್ನು ಪಡೆಯಬಹುದೆಂದೂ ಅವನು ಸೂಚಿಸಿದನು. ಕಾಲೇಜಿನ ಮೇಜಿನ ಮೇಲೆ ನಡೆಯುವ ಪ್ರಯೋಗದ ಬೀಜ ಇಲ್ಲಿದೆ.

ಆದರೆ ಈ ಮಹಾಗಣಿತಜ್ಞನೂ ಒಂದೆಡೆ ಮುಗ್ಗರಿಸಿದನು. ಪಟ್ಟಿಯ ಬಿಗುವು ಅದರ ಅಗಲಕ್ಕೂ ದಪ್ಪದ ವರ್ಗಕ್ಕೂ ಅನುಲೋಮವೆಂದು ಅವನು ಬರೆದನು. ಅದು ವರ್ಗವಲ್ಲ, ಘನ. ಬಲದ ವಿಷಯದಲ್ಲಿ ಗೆಲಿಲಿಯೊ ಹೇಳಿದ ವರ್ಗವು ಬಾಗಿನ ವಿಷಯಕ್ಕೆ ಸಲ್ಲದು. ಒಂದೇ ಲೋಹದ, ಬೇರೆ ಬೇರೆ ದಪ್ಪದ ಎರಡು ಪಟ್ಟಿಗಳನ್ನು ಮೇಜಿಗೆ ಬಿಗಿದು ಅಳೆದಿದ್ದರೆ ಈ ತಪ್ಪು ಅರ್ಧ ದಿನದಲ್ಲಿ ಹೊರಬೀಳುತ್ತಿತ್ತು. ಪರೀಕ್ಷೆಯ ವಿಧಾನವನ್ನು ಹೇಳಿಕೊಟ್ಟವನ ಬರಹದಲ್ಲಿಯೇ ಪರೀಕ್ಷೆಗೆ ನಿಲ್ಲದ ಮಾತು ಉಳಿದುಕೊಂಡದ್ದು ವಿಚಿತ್ರವಾದರೂ ನಿಜ.

೪

ಇಲ್ಲಿ ಒಬ್ಬ ದುರದೃಷ್ಟಶಾಲಿಯನ್ನು ಸ್ಮರಿಸಬೇಕು. ಆಯ್ಲರನ ಗ್ರಂಥಕ್ಕೆ ಮೂವತ್ತು ವರ್ಷಗಳ ಮೊದಲೇ, ೧೭೧೩ರಲ್ಲಿ, ಪ್ಯಾರಿಸಿನ ಆಂಟ್ವಾನ್ ಪಾರಾಂ ಎಂಬುವನು ತೊಲೆಯ ಛೇದದಲ್ಲಿ ಹಿಗ್ಗು ಕುಗ್ಗುಗಳು ಹೇಗೆ ಹಂಚಿಕೊಂಡಿರುತ್ತವೆಂಬುದನ್ನು ಸರಿಯಾಗಿ ಕಂಡುಕೊಂಡಿದ್ದನು. ಒಂದು ಪಕ್ಕದ ಎಳೆತಗಳ ಮೊತ್ತವೂ ಇನ್ನೊಂದು ಪಕ್ಕದ ಒತ್ತುಗಳ ಮೊತ್ತವೂ ಸಮನಾಗಿರಲೇಬೇಕೆಂಬ ನ್ಯಾಯದಿಂದ ತಟಸ್ಥ ಪದರದ ಸ್ಥಾನವನ್ನು ಅವನು ನಿರ್ಧರಿಸಿದನು. ಆದರೆ ಈ ಫಲಿತಾಂಶ ಫ್ರೆಂಚ್ ಅಕಾಡೆಮಿಯ ಸಂಪುಟಗಳಲ್ಲಿ ಬರದೆ ಅವನ ಸ್ವಂತ ಪ್ರಬಂಧಗಳ ಪುಟ್ಟ ಆಕಾರದ ಸಂಪುಟಗಳಲ್ಲಿ ಅಚ್ಚಾಯಿತು. ಅಚ್ಚಿನ ದೋಷಗಳು ಅನೇಕ, ಬರವಣಿಗೆಯೂ ಸುಗಮವಾದುದಲ್ಲ. ಮೂರು ವರ್ಷಗಳಲ್ಲಿ ಪಾರಾಂ ಸಿಡುಬಿನಿಂದ ಸತ್ತನು. ಅವನ ಬರಹವನ್ನು ಯಾರೂ ಲಕ್ಷಿಸಲಿಲ್ಲ. ಇಂಜಿನಿಯರುಗಳು ಹಳೆಯ ಲೆಕ್ಕಗಳಿಂದಲೇ ತೊಲೆಗಳ ಗಾತ್ರವನ್ನು ಗೊತ್ತುಮಾಡುತ್ತಿದ್ದರು. ಸತ್ಯವು ಅಚ್ಚಾಗಿದ್ದರೆ ಸಾಲದು, ಓದಲ್ಪಡಲೂ ಬೇಕು ಎಂಬುದಕ್ಕೆ ವಿಜ್ಞಾನದ ಚರಿತ್ರೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಕ್ಕುವುದು ಕಷ್ಟ.

ಅದೇ ಸತ್ಯವನ್ನು ಮತ್ತೆ ಕಂಡವನು ಕೂಲಾಂ. ವಿದ್ಯುತ್ತಿನ ನಿಯಮದಿಂದ ಅವನ ಹೆಸರು ಇಂದು ಪ್ರಸಿದ್ಧ. ಆದರೆ ಅವನ ವೃತ್ತಿ ಸೈನ್ಯದ ಇಂಜಿನಿಯರಿನದು. ಮಾರ್ಟಿನೀಕ್ ದ್ವೀಪದಲ್ಲಿ ಎಂಟು ವರ್ಷ ಕೋಟೆ ಕಟ್ಟಿಸುತ್ತ ಕಳೆದ ಅವನು ಆ ಅನುಭವದಿಂದ ಹುಟ್ಟಿದ ಪ್ರಶ್ನೆಗಳನ್ನು ಕುರಿತು ೧೭೭೩ರಲ್ಲಿ ಅಕಾಡೆಮಿಯ ಮುಂದೆ ಒಂದು ಪ್ರಬಂಧವನ್ನು ಓದಿದನು. ಅದು ೧೭೭೬ರಲ್ಲಿ ಪ್ರಕಟವಾಯಿತು. ಚಾಚುತೊಲೆಯ ಛೇದದಲ್ಲಿ ಬಲಗಳ ಸಮತೋಲ ಅದರಲ್ಲಿ ಸಂಪೂರ್ಣವಾಗಿ ವಿವರಿತವಾಗಿದೆ. ಹೀಗಿದ್ದರೂ ಅದು ಬಳಕೆಗೆ ಬರುವುದಕ್ಕೆ ಮತ್ತೆ ಅರ್ಧ ಶತಮಾನ ಬೇಕಾಯಿತು.

ಈ ನಡುವೆ ಇಂಗ್ಲೆಂಡಿನ ಥಾಮಸ್ ಯಂಗ್ ೧೮೦೭ರಲ್ಲಿ ಪ್ರಕಟಿಸಿದ ಉಪನ್ಯಾಸಗಳಲ್ಲಿ, ಪ್ರತಿಯೊಂದು ವಸ್ತುವಿಗೂ ಅದರ ಬಿಗುವನ್ನು ಸೂಚಿಸುವ ಒಂದು ಗುಣಾಂಕವನ್ನು ನಿಗದಿಮಾಡಬಹುದೆಂದು ತೋರಿಸಿದನು. ೧೮೧೧ರಲ್ಲಿ ಗ್ರೀಸಿನ ಪಶ್ಚಿಮದ ಕೊರ್ಫು ದ್ವೀಪದ ಹಡಗುಕಟ್ಟೆಯಲ್ಲಿದ್ದ ಫ್ರೆಂಚ್ ಇಂಜಿನಿಯರ್ ಶಾರ್ಲ್ ದ್ಯುಪಾಂ, ಎರಡು ಕಡೆ ಆಸರೆ ಕೊಟ್ಟ ಮರದ ತೊಲೆಗಳ ಮೇಲೆ ಭಾರವಿಟ್ಟು ಅವುಗಳ ಬಾಗನ್ನು ಅಳೆದನು. ಬಾಗು ಆರಂಭದಲ್ಲಿ ಭಾರಕ್ಕೆ ಅನುಲೋಮ, ಉದ್ದದ ಘನಕ್ಕೆ ಅನುಲೋಮ, ದಪ್ಪದ ಘನಕ್ಕೆ ವಿಲೋಮ ಎಂದು ಅವನ ಅಳತೆಗಳು ಹೇಳಿದುವು. ಆಯ್ಲರನ ವರ್ಗಕ್ಕೂ ಸತ್ಯದ ಘನಕ್ಕೂ ಇದ್ದ ವ್ಯತ್ಯಾಸ ಹಡಗುಕಟ್ಟೆಯ ಮರದಲ್ಲಿ ಕಣ್ಣಿಗೆ ಕಾಣುವಂತಾಯಿತು. ಕಡೆಯದಾಗಿ, ಪ್ಯಾರಿಸಿನ ಸೇತುವೆ ಮತ್ತು ರಸ್ತೆಗಳ ಶಾಲೆಯಲ್ಲಿ ಬೋಧಿಸುತ್ತಿದ್ದ ನೇವಿಯೆ ೧೮೨೬ರಲ್ಲಿ ತನ್ನ ಪಾಠಗಳನ್ನು ಅಚ್ಚುಹಾಕಿಸಿದನು. ಮೊದಲ ಪಾಠಗಳಲ್ಲಿ ಅವನೂ ತಟಸ್ಥ ಪದರದ ವಿಷಯದಲ್ಲಿ ತಪ್ಪಿದ್ದನು. ಅಚ್ಚಿನ ವೇಳೆಗೆ ತಿದ್ದಿಕೊಂಡನು. ಬಲದ ಲೆಕ್ಕವೂ ಬಾಗಿನ ಲೆಕ್ಕವೂ ಒಂದೇ ಪುಸ್ತಕದಲ್ಲಿ, ಇಂಜಿನಿಯರಿಗೆ ಕೈಗೆಟಕುವ ರೂಪದಲ್ಲಿ, ದೊರೆತುವು. ಕಟ್ಟಡವು ಮುರಿಯುವ ಭಾರವನ್ನು ಅರಸುವುದಕ್ಕಿಂತ, ಅದು ಸ್ಥಿತಿಸ್ಥಾಪಕವಾಗಿ ಉಳಿದು ಸ್ವಸ್ಥಾನಕ್ಕೆ ಮರಳುವ ಮಿತಿಯನ್ನು ಅರಸಬೇಕು ಎಂಬ ನೇವಿಯೆಯ ನಿಲುವಿನಲ್ಲಿ ಪ್ರಶ್ನೆಯೇ ಬದಲಾದುದನ್ನು ಕಾಣಬಹುದು.

೫

ಸೂತ್ರ ಸಿದ್ಧವಾದ ಮೇಲೆ ಚಾಚುತೊಲೆ ತಾನೇ ಒಂದು ಅಳತೆಯ ಉಪಕರಣವಾಯಿತು. ಇದರ ಶ್ರೇಷ್ಠ ಉದಾಹರಣೆ ೧೮೫೯ರ ಕಿರ್ಖಾಫನ ಪ್ರಯೋಗ. ಆ ಕಾಲದಲ್ಲಿ ಘನವಸ್ತುಗಳ ಒಳರಚನೆಯನ್ನು ಕುರಿತು ಒಂದು ದೊಡ್ಡ ವಿವಾದ ನಡೆದಿತ್ತು. ನೇವಿಯೆ ಮತ್ತು ಪ್ವಾಸಾನರ ಅಣುಸಿದ್ಧಾಂತದ ಪ್ರಕಾರ, ಎಳೆದಾಗ ಉದ್ದದಲ್ಲಿ ಆಗುವ ಹಿಗ್ಗಿಗೂ ಅಡ್ಡದಲ್ಲಿ ಆಗುವ ಕುಗ್ಗಿಗೂ ಇರುವ ನಿಷ್ಪತ್ತಿ, ಎಲ್ಲ ದಿಕ್ಕಿನಲ್ಲಿಯೂ ಸಮಗುಣವಾದ ಯಾವ ವಸ್ತುವಿನಲ್ಲಿಯಾದರೂ ಕಾಲು ಭಾಗವೇ, ಎಂದರೆ ೦.೨೫ ಆಗಿರಬೇಕು. ಹೈಡೆಲ್‌ಬರ್ಗಿನಲ್ಲಿದ್ದ ಕಿರ್ಖಾಫ್ ದುಂಡನೆಯ ಉಕ್ಕಿನ ಚಾಚುಕಂಬಿಗಳ ಮೇಲೆ ಭಾರವನ್ನು ನೇರವಾಗಿ ತೂಗದೆ ಒಂದು ಪಕ್ಕಕ್ಕೆ ತೂಗಿದನು. ಕಂಬಿ ಬಾಗುವುದರ ಜೊತೆಗೆ ತಿರುಚಿಕೊಂಡಿತು. ಕಂಬಿಗೆ ಕನ್ನಡಿಗಳನ್ನು ಕೂಡಿಸಿ, ಅವುಗಳಿಂದ ಪ್ರತಿಫಲಿಸಿದ ಬೆಳಕಿನ ಮೂಲಕ ಎರಡು ಕೋನಗಳನ್ನೂ ಅಳೆದನು. ಉಕ್ಕಿಗೆ ಬಂದ ಉತ್ತರ ೦.೨೯೪. ಅಣುಸಿದ್ಧಾಂತಕ್ಕೆ ಅದರಿಂದ ಬಿದ್ದ ಪೆಟ್ಟು ಸಾಮಾನ್ಯವಾದುದಲ್ಲ. ವಸ್ತುವಿನ ಅಂತರಂಗವನ್ನು ಕುರಿತ ವಾದವೊಂದು ಬಾಗಿದ ಕಂಬಿಯ ಅಳತೆಯಿಂದ ಇತ್ಯರ್ಥದ ಕಡೆಗೆ ತಿರುಗಿತು.

ಇಂದಿನ ವಿದ್ಯಾರ್ಥಿಯ ಮೇಜಿನ ಮೇಲಿನ ಪರೀಕ್ಷೆಯೂ ಅದೇ ವಂಶದ್ದು. ಅದರಲ್ಲಿ ಅಡಗಿರುವ ಎಚ್ಚರಿಕೆಗಳನ್ನು ಅಂಕಿಗಳಿಂದ ತಿಳಿಯುವುದು ಒಳ್ಳೆಯದು. ೫೦ ಸೆಂಟಿಮೀಟರು ಚಾಚಿದ, ೨೫ ಮಿಲಿಮೀಟರು ಅಗಲದ, ೨ ಮಿಲಿಮೀಟರು ದಪ್ಪದ ಉಕ್ಕಿನ ಪಟ್ಟಿಯನ್ನು ತೆಗೆದುಕೊಳ್ಳೋಣ. ತುದಿಯಲ್ಲಿ ೧೦೦ ಗ್ರಾಮು ತೂಗಿದರೆ ಇಳಿತ ಸುಮಾರು ೧೨ ಮಿಲಿಮೀಟರು. ಚಾಚಿದ ಉದ್ದವನ್ನು ಅರ್ಧಕ್ಕೆ ಇಳಿಸಿದರೆ ಇಳಿತ ಎಂಟನೆಯ ಒಂದು ಪಾಲು, ಅಂದರೆ ಒಂದೂವರೆ ಮಿಲಿಮೀಟರು. ಮೊದಲಿನ ಉದ್ದದಲ್ಲಿಯೇ ಪಟ್ಟಿಯನ್ನು ಮಗ್ಗುಲಾಗಿ ನಿಲ್ಲಿಸಿದರೆ ಇಳಿತ ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಮೆ. ದಪ್ಪದ ಅಳತೆಯಲ್ಲಿ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗ ತಪ್ಪಿದರೆ, ಘನದ ಕಾರಣದಿಂದ, ಉತ್ತರದಲ್ಲಿ ನೂರಕ್ಕೆ ಏಳೆಂಟರಷ್ಟು ತಪ್ಪು ಬರುತ್ತದೆ. ಆದುದರಿಂದಲೇ ದಪ್ಪವನ್ನು ತಿರುಪುಮಾಪಕದಿಂದ ಹಲವು ಕಡೆ ಅಳೆದು ಸರಾಸರಿ ತೆಗೆಯಬೇಕೆಂದು ಗುರುಗಳು ಒತ್ತಾಯಿಸುವುದು.

ಭಾರವನ್ನು ಏರಿಸುವಾಗ ಒಂದು ಸಲ, ಇಳಿಸುವಾಗ ಮತ್ತೊಂದು ಸಲ ಓದಬೇಕೆಂಬ ನಿಯಮಕ್ಕೂ ಅರ್ಥವುಂಟು. ಭಾರ ತೆಗೆದ ಮೇಲೆ ಸೂಜಿ ಮೊದಲ ಸ್ಥಾನಕ್ಕೆ ಬಾರದಿದ್ದರೆ, ಒಂದೋ ಹಿಡಿಕೆ ಜಾರಿದೆ, ಇಲ್ಲವೇ ಲೋಹವು ತನ್ನ ಸ್ಥಿತಿಸ್ಥಾಪಕ ಮಿತಿಯನ್ನು ದಾಟಿದೆ. ಎರಡರಲ್ಲಿ ಯಾವುದಾದರೂ ಆ ದಿನದ ಅಂಕಿಗಳು ನಂಬಿಕೆಗೆ ತಕ್ಕವಲ್ಲ. ಗೋಡೆ ಅಥವಾ ಹಿಡಿಕೆ ಅಲುಗುವುದೇ ಇಲ್ಲವೆಂಬುದು ಸೂತ್ರದ ಊಹೆ ಮಾತ್ರ. ಅದು ನಿಜವೇ ಎಂಬುದನ್ನು ಬೇರೆ ಬೇರೆ ಉದ್ದಗಳಲ್ಲಿ ಅಳೆದು, ಘನದ ನಿಯಮ ಉಳಿಯುತ್ತದೆಯೇ ಎಂದು ನೋಡಿಯೇ ತಿಳಿಯಬೇಕು.

ಇನ್ನೊಂದು ಸಂಗತಿ ಬಹುಮಂದಿಯ ಗಮನಕ್ಕೆ ಬರುವುದಿಲ್ಲ. ಮೇಲೆ ಹೇಳಿದ ಪಟ್ಟಿಯ ಚಾಚಿದ ಭಾಗದ ಸ್ವಂತ ತೂಕವೇ ೨೦೦ ಗ್ರಾಮಿಗೆ ಸಮೀಪ. ತೂಗುಹಾಕಿದ ಭಾರಕ್ಕಿಂತ ಅದು ಹೆಚ್ಚು. ಏನನ್ನೂ ತೂಗುವ ಮೊದಲೇ ಪಟ್ಟಿ ತನ್ನ ತೂಕದಿಂದ ಸುಮಾರು ೯ ಮಿಲಿಮೀಟರು ಇಳಿದಿರುತ್ತದೆ. ಪ್ರಯೋಗದಲ್ಲಿ ಓದುಗಳ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುವುದರಿಂದ ಈ ಇಳಿತ ಕಳೆದುಹೋಗುತ್ತದೆ. ವಿದ್ಯಾರ್ಥಿ ಅದನ್ನು ಮರೆತರೂ ಬಾಧಕವಿಲ್ಲ. ಆದರೆ ಸೇತುವೆ ಕಟ್ಟುವವನು ಅದನ್ನು ಮರೆಯುವಂತಿಲ್ಲ.

೬

ಚಾಚುತೊಲೆಯ ತತ್ತ್ವವನ್ನು ಮಹಾಸೇತುವೆಗಳಿಗೆ ಅನ್ವಯಿಸಿದ ಕಾಲ ಹತ್ತೊಂಬತ್ತನೆಯ ಶತಮಾನದ ಕೊನೆ. ಸ್ಕಾಟ್ಲೆಂಡಿನ ಫೋರ್ತ್ ಸೇತುವೆ ೧೮೯೦ರ ಮಾರ್ಚ್ ೪ರಂದು ತೆರೆಯಿತು. ಅದರ ಎರಡು ಮುಖ್ಯ ಅಂತರಗಳು ಒಂದೊಂದೂ ೧,೭೧೦ ಅಡಿ. ಅದನ್ನು ರಚಿಸಿದವರಲ್ಲೊಬ್ಬನಾದ ಬೆಂಜಮಿನ್ ಬೇಕರ್ ೧೮೮೭ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ಈ ತತ್ತ್ವವನ್ನು ಮನುಷ್ಯರಿಂದಲೇ ತೋರಿಸಿದ ಕಥೆ ಪ್ರಸಿದ್ಧವಾಗಿದೆ. ಕುರ್ಚಿಗಳ ಮೇಲೆ ಕುಳಿತ ಇಬ್ಬರು ತೋಳು ಚಾಚಿ ಕೋಲುಗಳನ್ನು ಹಿಡಿದಿದ್ದರು. ಅವರ ನಡುವಿನ ಹಲಗೆಯ ಮೇಲೆ ಕಾಯಿಚಿ ವಾತಾನಾಬೆ ಎಂಬ ಜಪಾನಿ ಇಂಜಿನಿಯರ್ ಕುಳಿತಿದ್ದನು. ತೋಳುಗಳಲ್ಲಿ ಎಳೆತ, ಕೋಲುಗಳಲ್ಲಿ ಒತ್ತು, ಹೊರಬದಿಗಳಲ್ಲಿ ತೂಕದ ಇಟ್ಟಿಗೆಗಳು.

ಫೋರ್ತಿನ ದಾಖಲೆಯನ್ನು ಮೀರುವ ಉದ್ದೇಶದಿಂದ ಕೆನಡಾದ ಕ್ವಿಬೆಕ್ ನಗರದ ಬಳಿ ಸೇಂಟ್ ಲಾರೆನ್ಸ್ ನದಿಗೆ ಒಂದು ಚಾಚುಸೇತುವೆ ಕಟ್ಟತೊಡಗಿದರು. ಮೊದಲು ಗೊತ್ತುಮಾಡಿದ ನಡುವಿನ ಅಂತರ ೧,೬೦೦ ಅಡಿ. ಸಲಹೆಗಾರ ಇಂಜಿನಿಯರ್ ಥಿಯೊಡೋರ್ ಕೂಪರ್ ೧೯೦೦ರಲ್ಲಿ ಅದನ್ನು ೧,೮೦೦ ಅಡಿಗೆ ಹೆಚ್ಚಿಸಿದನು. ಅಂತರ ಬೆಳೆದಾಗ ಸೇತುವೆಯ ಸ್ವಂತ ತೂಕ ಎಷ್ಟು ಬೆಳೆಯಿತೆಂಬುದನ್ನು ಹೊಸದಾಗಿ ಲೆಕ್ಕಹಾಕದೆ ಹಳೆಯ ಅಂದಾಜಿನ ಮೇಲೆಯೇ ಭಾಗಗಳ ಗಾತ್ರಗಳನ್ನು ನಿರ್ಣಯಿಸಿದರು. ಗೆಲಿಲಿಯೊ ಕುರುಡಾಗುತ್ತಿದ್ದ ದಿನಗಳಲ್ಲಿ ಬರೆಯಿಸಿದ ಎಚ್ಚರಿಕೆ ಇದೇ ಆಗಿತ್ತು. ೧೯೦೬ರಲ್ಲಿ ತಪ್ಪು ಬೆಳಕಿಗೆ ಬಂದಾಗ ಬಹಳಷ್ಟು ಉಕ್ಕು ಆಗಲೇ ಸಿದ್ಧವಾಗಿತ್ತು. ಹೆಚ್ಚಾದ ಹೊರೆಯನ್ನು ಸೇತುವೆ ತಾಳಿಕೊಳ್ಳುವುದೆಂದು ತೀರ್ಮಾನಿಸಿ ಕೆಲಸ ಮುಂದುವರಿಸಿದರು.

೧೯೦೭ರ ಆಗಸ್ಟ್ ತಿಂಗಳಲ್ಲಿ ಉಕ್ಕು ತಾನೇ ಮಾತಾಡತೊಡಗಿತು. ನದಿಯ ಮೇಲೆ ಚಾಚಿಕೊಂಡು ಬೆಳೆಯುತ್ತಿದ್ದ ದಕ್ಷಿಣದ ತೋಳಿನ ಬುಡದಲ್ಲಿ, ಒತ್ತನ್ನು ಹೊರುತ್ತಿದ್ದ ಕೆಳಸಾಲಿನ ಭಾಗಗಳು ನೇರ ತಪ್ಪಿರುವುದನ್ನು ಸ್ಥಳದಲ್ಲಿದ್ದವರು ಅಳೆದರು. ಒಂದು ಭಾಗದಲ್ಲಿ ಮುಕ್ಕಾಲು ಅಂಗುಲವಿದ್ದ ಬಾಗು ಆಗಸ್ಟ್ ೨೭ರಂದು ಅಳೆದಾಗ ಎರಡೂಕಾಲು ಅಂಗುಲವಾಗಿತ್ತು. ಆ ಭಾಗ ಕಾರ್ಖಾನೆಯಿಂದ ಬರುವಾಗಲೇ ಬಾಗಿದ್ದಿರಬೇಕೆಂದು ಕೆಲವರ ವಾದ. ಅಲ್ಲವೆಂದು ಇನ್ನು ಕೆಲವರ ವಾದ. ಸ್ಥಳದ ಕಿರಿಯ ಇಂಜಿನಿಯರ್ ನಾರ್ಮನ್ ಮೆಕ್ಲೂರ್ ಅಳತೆಗಳನ್ನು ಹಿಡಿದು, ನ್ಯೂಯಾರ್ಕಿನಲ್ಲಿದ್ದ ಕೂಪರನ ಬಳಿಗೆ ರೈಲಿನಲ್ಲಿ ಹೋದನು. ೨೯ರ ಬೆಳಿಗ್ಗೆ ಅಂಕಿಗಳನ್ನು ನೋಡಿದ ಕೂಪರ್, ಇನ್ನಾವ ಭಾರವನ್ನೂ ಹೇರಬಾರದೆಂದು ತಂತಿ ಕಳಿಸಿದನು. ತಂತಿ ಹೋದದ್ದು ಪೆನ್ಸಿಲ್ವೇನಿಯದಲ್ಲಿದ್ದ ಕಂಪನಿಯ ಕಚೇರಿಗೆ, ಕ್ವಿಬೆಕ್ಕಿಗಲ್ಲ. ಅಂದು ಸಂಜೆ, ಕೆಲಸ ಮುಗಿಯುವ ಗಂಟೆಗೆ ಕೆಲವೇ ನಿಮಿಷಗಳ ಮೊದಲು, ಇಡೀ ದಕ್ಷಿಣದ ತೋಳು ನದಿಗೆ ಕುಸಿಯಿತು. ಅದರ ಮೇಲೆ ಇದ್ದ ೮೬ ಮಂದಿಯಲ್ಲಿ ೭೫ ಮಂದಿ ಸತ್ತರು. ಅವರಲ್ಲಿ ೩೩ ಮಂದಿ ಮಾಂಟ್ರಿಯಲ್ ಬಳಿಯ ಕಾನವಾಕೆ ಎಂಬ ಒಂದೇ ಊರಿನ ಮೊಹಾಕ್ ಜನಾಂಗದ ಉಕ್ಕಿನ ಕೆಲಸಗಾರರು.

ಕೆನಡಾ ಸರಕಾರದ ವಿಚಾರಣಾ ಆಯೋಗ ೧೯೦೮ರಲ್ಲಿ ವರದಿ ಕೊಟ್ಟಿತು. ಮುರಿದ ಭಾಗಗಳು ಒತ್ತನ್ನು ತಡೆಯುವ ಕಟ್ಟುಗಳಾಗಿದ್ದವು. ಅವುಗಳ ಬಾಗು ಮೇಜಿನ ಮೇಲಿನ ಪಟ್ಟಿಯ ಬಾಗಿನ ಜಾತಿಯದಲ್ಲ. ಅದಕ್ಕೆ ಆಯ್ಲರನ ಅದೇ ಅನುಬಂಧದಲ್ಲಿ ಬರುವ ಬೇರೊಂದು ಲೆಕ್ಕ ಸಲ್ಲುತ್ತದೆ. ಆದರೂ ಇತಿಹಾಸದ ದೃಷ್ಟಿಯಿಂದ ಸಂಗತಿ ಒಂದೇ. ಬಾಗು ಕಂಡಿತು, ಅದನ್ನು ಅಳೆದರು, ಅಳತೆಯನ್ನು ಬರೆದಿಟ್ಟರು. ಎರಡು ದಿನಗಳ ಕಾಲಾವಕಾಶವೂ ಇತ್ತು. ಅಳತೆಯ ಅರ್ಥವನ್ನು ಸ್ಥಳದಲ್ಲಿಯೇ ನಿರ್ಧರಿಸಿ ಕೆಲಸ ನಿಲ್ಲಿಸುವ ಅಧಿಕಾರವುಳ್ಳವನು ಮಾತ್ರ ಅಲ್ಲಿ ಇರಲಿಲ್ಲ. ಪಾರಾಂನ ಪುಸ್ತಕವನ್ನು ಓದದೆ ಹೋದುದರಿಂದ ಅರವತ್ತು ವರ್ಷ ವ್ಯರ್ಥವಾಯಿತು. ಮೆಕ್ಲೂರನ ಅಂಕಿಗಳನ್ನು ತಡವಾಗಿ ಓದಿದುದರಿಂದ ಎಪ್ಪತ್ತೈದು ಜೀವಗಳು ಹೋದುವು. ಮರಳಿ ಕಟ್ಟುವಾಗ ೧೯೧೬ರಲ್ಲಿ ನಡುವಿನ ಭಾಗ ಮೇಲೆತ್ತುವಾಗ ಬಿದ್ದು ಇನ್ನೂ ೧೩ ಮಂದಿ ಮಡಿದರು. ಸೇತುವೆ ಪೂರ್ಣವಾದದ್ದು ೧೯೧೭ರಲ್ಲಿ.

೭

ಭಾರತದಲ್ಲಿ ಈ ಜಾತಿಯ ಸೇತುವೆಗಳಲ್ಲಿ ಎಲ್ಲರೂ ಬಲ್ಲದ್ದು ಕಲ್ಕತ್ತೆಯ ಹೌರಾ ಸೇತುವೆ. ೧೯೪೩ರಲ್ಲಿ, ಯುದ್ಧದ ನಡುವೆ, ಅದು ಸಂಚಾರಕ್ಕೆ ತೆರೆಯಿತು. ೧೯೬೫ರಿಂದ ಅದಕ್ಕೆ ರವೀಂದ್ರ ಸೇತು ಎಂದು ಹೆಸರು. ಹೂಗ್ಲಿಯ ನೀರಿನಲ್ಲಿ ಒಂದು ಕಂಬವನ್ನೂ ಊರದೆ ೧,೫೦೦ ಅಡಿಯ ಅಂತರವನ್ನು ದಾಟುವ ಅದರಲ್ಲಿ ೨೬,೫೦೦ ಟನ್ ಉಕ್ಕಿದೆ, ಅದರ
ಬಹುಪಾಲು, ೨೩,೦೦೦ ಟನ್, ಟಾಟಾ ಕಾರ್ಖಾನೆಯದು. ಎರಡು ದಡಗಳಿಂದ ಎರಡು ತೋಳುಗಳು ಚಾಚಿಕೊಂಡು ಬಂದು ನಡುವೆ ಸೇರಬೇಕಾದ ಇಂಥ ಕಟ್ಟಡದಲ್ಲಿ, ಪ್ರತಿಯೊಂದು ಹಂತದಲ್ಲಿಯೂ ತೋಳಿನ ತುದಿ ಎಷ್ಟು ಇಳಿಯುವುದೆಂಬುದನ್ನು ಮುಂಚಿತವಾಗಿ ಗಣಿಸಿ, ಅಷ್ಟನ್ನು ಮೊದಲೇ ಮೇಲಕ್ಕೆ ಹಿಡಿದು ಕಟ್ಟದಿದ್ದರೆ ಎರಡು ತುದಿಗಳು ಸಂಧಿಸುವುದೇ ಇಲ್ಲ. ಲೆಕ್ಕವೂ ಅಳತೆಯೂ ಒಂದನ್ನೊಂದು ಪರೀಕ್ಷಿಸುತ್ತ ನಡೆಯಬೇಕಾದ ಕೆಲಸವದು.

ಮಹಾಸೇತುವೆಯಿಂದ ಇನ್ನೊಂದು ಕೊನೆಗೆ ಹೋದರೆ, ೧೯೮೬ರಲ್ಲಿ ಬಿನ್ನಿಗ್, ಕ್ವೇಟ್ ಮತ್ತು ಗರ್ಬರ್ ಎಂಬುವರು ಪರಮಾಣು ಬಲದ ಸೂಕ್ಷ್ಮದರ್ಶಕವನ್ನು ರಚಿಸಿದರು. ಅದರ ಹೃದಯಸ್ಥಾನದಲ್ಲಿರುವುದು ಒಂದು ಚಾಚುತೊಲೆಯೇ. ಮೊದಲನೆಯದನ್ನು ಒಂದು ಮಿಲಿಮೀಟರಿಗಿಂತ ಗಿಡ್ಡನೆಯ ಬಂಗಾರದ ತಗಡಿನಿಂದ ಮಾಡಿ ತುದಿಗೆ ವಜ್ರದ ಮೊನೆಯನ್ನು ಕೂಡಿಸಿದ್ದರು. ವಸ್ತುವಿನ ಮೇಲ್ಮೈಯ ಪರಮಾಣುಗಳು ಮೊನೆಯನ್ನು ಎಳೆದಾಗ ಅಥವಾ ತಳ್ಳಿದಾಗ ತಗಡು ಬಾಗುತ್ತದೆ. ಆ ಬಾಗನ್ನು ಅಳೆದರೆ ಮೇಲ್ಮೈಯ ಚಿತ್ರ ದೊರೆಯುತ್ತದೆ. ೧೯೮೮ರಿಂದೀಚೆಗೆ ಬಾಗನ್ನು ಅಳೆಯುವುದಕ್ಕೆ ತೊಲೆಯ ಬೆನ್ನಿನಿಂದ ಲೇಸರ್ ಕಿರಣವನ್ನು ಪ್ರತಿಫಲಿಸುವ ವಿಧಾನ ಬಳಕೆಗೆ ಬಂದಿತು. ಇದು ಕಿರ್ಖಾಫನ ಕನ್ನಡಿಯ ಉಪಾಯವಲ್ಲದೆ ಬೇರೆಯಲ್ಲ.

ಗೆಲಿಲಿಯೊನ ಗೋಡೆಯ ತೊಲೆಯಿಂದ ಇಲ್ಲಿಯವರೆಗಿನ ದಾರಿಯಲ್ಲಿ ಬುದ್ಧಿವಂತರಿಗೆ ಕೊರತೆಯಿರಲಿಲ್ಲ. ಇದ್ದ ಕೊರತೆಗಳು ಎರಡು: ಕೈಯಾರೆ ತೂಗಿ ಅಳೆದು ನೋಡುವವರು ಕಡಮೆ, ಅಳೆದುದನ್ನು ಸಕಾಲದಲ್ಲಿ ಓದಿ ನಡೆಯುವವರು ಇನ್ನೂ ಕಡಮೆ. ಮುರಿತವು ಒಂದೇ ಸಲ ಬರುತ್ತದೆ. ಬಂದ ಮೇಲೆ ಅದರಿಂದ ಕಲಿಯುವವನು ಬೇರೆಯವನಾಗಿರಬೇಕಾಗುತ್ತದೆ. ಬಾಗಾದರೋ ಮೊದಲೇ ಬರುತ್ತದೆ, ಭಾರ ಇಳಿಸುವಷ್ಟು ಸಮಯವನ್ನು ಕೊಡುತ್ತದೆ. ಸೂಜಿಯ ಮೊನೆ ಸ್ವಸ್ಥಾನಕ್ಕೆ ಮರಳಿತೇ ಇಲ್ಲವೇ ಎಂದು ವಿದ್ಯಾರ್ಥಿ ಪ್ರತಿ ಸಲವೂ ನೋಡಿ ಬರೆಯಬೇಕೆಂಬ ನಿಯಮದ ಹಿಂದೆ ಇರುವುದು ಈ ಇತಿಹಾಸ.